ನೀಲಗಂಗಾ ಹೂಗಾರ, ಎರಡು ಸಲ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಇರಲಿ, ಎಲ್ಲ ಊರಲ್ಲೂ ಒಬ್ಬ ಇರುತ್ತಾನೆ. ಇವನು ಕೈಬಿಚ್ಚಿ ಕೊಡುವವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಎಲ್ಲವನ್ನೂ ಅವನ ತಲೆಗೆ ಕಟ್ಟಿ ನೀವು ಆರಾಮಾಗಿ ಮನೆಗೆ ಹೋಗುತ್ತೀರಿ.

ಅವನು ಸಾಮೂಹಿಕ ಮದುವೆ ಇಟ್ಟುಕೊಂಡ. ತಾಳಿ, ಸೀರೆ, ಧೋತರ, ಊಟ, ಎಲ್ಲ ಅವನದೇ. ಏಳು ಹಳ್ಳಿಗೆ ಏಳು ಜನ ಕಾರ್ಯಕರ್ತರು. ಜೋಡಿಗಳ ಹೆಸರು ಬರೆದು ಕಳಿಸಿ ಎಂದ. ಕಳಿಸಿದರು, ಏಳು ಎಕ್ಸೆಲ್ ಫೈಲು. ಏನು ಹೇಳಲಿ ಅದರ ಚೆಂದ? ಒಬ್ಬ ವಧುವಿನ ಹೆಸರು ಮೊದಲು ಬರೆದ, ಇನ್ನೊಬ್ಬ ವರನ ಹೆಸರು ಮೊದಲು. ಒಬ್ಬ ತಂದೆಯ ಹೆಸರು ಹಾಕಿದ, ಇನ್ನೊಬ್ಬ ಬಿಟ್ಟೇಬಿಟ್ಟ. ಮತ್ತೊಬ್ಬ ಮಹಾರಾಯ ಊರು ಎಂಬಲ್ಲಿ 'ನಮ್ಮೂರು' ಎಂದು ಬರೆದಿದ್ದ. ಯಾವುದಪ್ಪಾ ನಿಮ್ಮೂರು? ಏಳು ಜನ ಒಂದು ತಾಸು ಒಟ್ಟಿಗೆ ಕೂತಿದ್ದರೆ ಮುಗಿಯುತ್ತಿತ್ತು. ಕೂರಲಿಲ್ಲ ನೋಡಿ.

ಏಳನ್ನೂ ಒಂದು ಮಾಡುವ ಕೆಲಸ ಶ್ರೀಮಂತನ ಗುಮಾಸ್ತನ ಮೇಲೆ ಬಿತ್ತು. ಅವನು ಒಂದರ ಕೆಳಗೆ ಒಂದು ಅಂಟಿಸುತ್ತ ಹೋದ. ಅಂಟಿಸಿ ನೋಡಿದರೆ 'ನೀಲಗಂಗಾ ಹೂಗಾರ' ಎಂಬ ವಧುವಿನ ಹೆಸರು ಎರಡು ಸಲ ಬಂದಿದೆ.

"ಸಾವ್ಕಾರ್ರ, ಈ ಹುಡುಗಿ ಎರಡು ಕಡಿ ಹೆಸರು ಹಚ್ಯಾಳ್ರಿ" ಎಂದ.

"ಎರಡು ಸೀರಿ, ಎರಡು ತಾಳಿ ಹೊಡಿಯೋ ಆಸೆ. ಈ ಮಂದೀನ ನಾ ಬಲ್ಲೆ. ಒಂದು ಅಳಸು" ಎಂದ ಶ್ರೀಮಂತ.

ಅಳಿಸಿದ. ಪಕ್ಕದಲ್ಲೇ ವರನ ಹೆಸರಿತ್ತು, ಎರಡು ಕಡೆ ಬೇರೆ ಬೇರೆ. ಫೋನ್ ನಂಬರ್ ಇತ್ತು, ಅದೂ ಬೇರೆ ಬೇರೆ. ಕಣ್ಣನ್ನು ಒಂದು ಗೇಣು ಆಚೆ ಸರಿಸಲಿಲ್ಲ. ಒಂದು ಫೋನ್ ಮಾಡಲಿಲ್ಲ. ನಮ್ಮ ಕಡೆ ಮಗಳಿಗೆ ಅಜ್ಜಿಯ ಹೆಸರಿಡುತ್ತಾರೆ. ಅಣ್ಣನೂ ಇಡುತ್ತಾನೆ, ತಮ್ಮನೂ ಇಡುತ್ತಾನೆ. ಇದು ಅವರಿಬ್ಬರಿಗೆ ಗೊತ್ತಿರಲಿಲ್ಲವೇ? ಶ್ರೀಮಂತನ ಮನೆಯಲ್ಲೇ ಒಂದೇ ಹೆಸರಿನ ಮೂವರಿದ್ದರು.

ಮದುವೆಯ ದಿನ, ಬೇರೆ ಬೇರೆ ಹಳ್ಳಿಯಲ್ಲಿದ್ದ ಅಣ್ಣತಮ್ಮಂದಿರ ಮಕ್ಕಳು, ಇಬ್ಬರು ನೀಲಗಂಗೆಯರೂ ಬಂದರು. ಹೆಸರು ಕೂಗಿದಾಗ ದೊಡ್ಡವಳು ತನ್ನ ವರನ ಜೊತೆ ಹಸೆಮಣೆಗೆ ಹೋದಳು. ಚಿಕ್ಕವಳನ್ನು ಯಾರೂ ಕೂಗಲಿಲ್ಲ. ಅರಿಶಿನ ಹಚ್ಚಿದ ಮೈಯಲ್ಲೇ ಅವಳು ಶ್ರೀಮಂತನ ಎದುರು ಬಂದು ನಿಂತಳು. ಅವಳ ಹಳ್ಳಿಯ ಕಾರ್ಯಕರ್ತ "ನನ್ನ ಫೈಲಿನ್ಯಾಗ ಐತ್ರಿ" ಎಂದ. ಗುಮಾಸ್ತ "ನನ್ನ ಫೈಲಿನ್ಯಾಗ ಇಲ್ರಿ" ಎಂದ. ಶ್ರೀಮಂತ ಕಾಗದ ತಿರುವಿದ.

"ಇಲ್ಲೇ ಇದ್ದೀಯಲ್ಲವ್ವಾ. ನಿನ್ನ ಮದುವಿ ಅಲ್ಲಿ ನಡದೈತಿ" ಎಂದ.

"ಆಕಿ ನಮ್ಮ ದೊಡ್ಡಪ್ಪನ ಮಗಳ್ರಿ. ಹೆಸರು ಒಂದ, ನಾವು ಇಬ್ಬರದೀವಿ. ನಾ ನಿಮ್ಮ ಮುಂದ ನಿಂತೇನಿ, ನೀವು ಇನ್ನೂ ಕಾಗದಾನ ನೋಡಾಕತ್ತೀರಿ" ಎಂದಳು ಹುಡುಗಿ.

ಮುಹೂರ್ತ ಮೀರುತ್ತಿತ್ತು. ಪಟ್ಟಿ ನೋಡಿ ತಂದ ತಾಳಿಗಳು, ಒಂದೂ ಹೆಚ್ಚಿರಲಿಲ್ಲ. ಮುಂದಿನ ವರ್ಷ ನೋಡೋಣ ಎಂದ ಶ್ರೀಮಂತ. ಅವಳ ಅಪ್ಪ ಮಗಳನ್ನೂ ವರನನ್ನೂ ಕರೆದುಕೊಂಡು ಹೊರನಡೆದ. ಚಪ್ಪರದ ಹೊರಗೆ, ಜನ ಚಪ್ಪಲಿ ಬಿಟ್ಟ ಜಾಗದಲ್ಲಿ, ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಮಗಳ ಮದುವೆ ಮಾಡಿದ. ಒಳಗೆ ಮೈಕಿನಲ್ಲಿ ಶ್ರೀಮಂತನ ದಾನವನ್ನು ಹೊಗಳುತ್ತಿದ್ದರು.

ತಪ್ಪು ಯಾರದು? ಕಂಪ್ಯೂಟರಿನದು ಎನ್ನುತ್ತೀರಿ, ಗೊತ್ತು ನನಗೆ. ಹೆಸರು ಎರಡು ಸಲ ಇದೆ ಎಂದಷ್ಟೇ ಅದು ತೋರಿಸಿತು. ಕಳ್ಳಿ ಎಂದು ತಿಳಿದದ್ದು ಮನುಷ್ಯ.

ತಲೆ ಆಡಿಸುತ್ತೀರಿ. ಪ್ರತಿ ಸೋಮವಾರದ ಪ್ರವಚನದಲ್ಲೂ ಆಡಿಸುತ್ತೀರಿ. ನನಗೂ ಹೇಳಿ ಹೇಳಿ ಸಾಕಾಗಿದೆ. ಹೆಂಡತಿ ಸೊಂಟ ನೋವು ಎಂದರೆ 'ನಿನ್ನೆನೂ ಇದನ್ನೇ ಹೇಳಿದ್ದಿ' ಎಂದು ಆ ಮಾತನ್ನೇ ಅಳಿಸಿಹಾಕುತ್ತೀರಿ. ಇವತ್ತಿನ ನೋವು ಬೇರೆ ಇರಬಹುದಲ್ಲ, ಕೇಳಿದಿರಾ?

ನಿನ್ನೆ ಇದೇ ಮಠದ ದಾಸೋಹದಲ್ಲಿ, ಇಲ್ಲಿ ಮುಂದೆ ಕೂತವರೇ, ಎರಡನೇ ಸಲ ತಟ್ಟೆ ಹಿಡಿದು ಬಂದ ಹೆಣ್ಣುಮಗಳನ್ನು 'ಆಗಲೇ ಉಂಡು ಹೋಗೀದಿ' ಎಂದು ಸಾಲಿನಿಂದ ಸರಿಸಿದಿರಿ. ಯಾರಿಗೆಂದು ಕೇಳಿದಿರಾ? ಗೇಟಿನ ಹತ್ತಿರ ನಾನು ಕೇಳಿದೆ. ಹೊರಗೆ ಟಂಟಂ ರಿಕ್ಷಾದಲ್ಲಿ ಮಲಗಿದ್ದ ಅತ್ತೆಗಂತೆ, ಕಾಲು ಮುರಿದಿದೆಯಂತೆ. ಬಾ ತಾಯಿ, ಕೊಡಿಸುತ್ತೇನೆ ಎಂದೆ. "ಬ್ಯಾಡ್ರಿ ಅಜ್ಜಾರ, ಹೊತ್ತಾತು" ಎಂದು ಹೋಗಿಬಿಟ್ಟಳು. ಆ ಮುದುಕಿ ಉಣ್ಣದೆ ಹೋದಳು, ನಮ್ಮ ಮಠದ ಬಾಗಿಲಿನಿಂದ.

ಇನ್ನು ಹತ್ತು ನಿಮಿಷಕ್ಕೆ ಪ್ರಸಾದ. ನೋಡಿದ ಮುಖವೇ ಮತ್ತೆ ಬಂದರೆ ಕೈ ಹಿಂದಕ್ಕೆ ಎಳೆಯುವ ಮೊದಲು 'ಇದು ಯಾರಿಗವ್ವಾ' ಎಂದು ಕೇಳಿ. ಮನೆಯಲ್ಲೂ ಹಾಗೇ, ಕಚೇರಿಯಲ್ಲೂ ಹಾಗೇ. ಒಂದೇ ಥರ ಕಂಡದ್ದನ್ನು ಅಳಿಸುವ ಮೊದಲು ಕೇಳಿ. ಅಷ್ಟೂ ಆಗದಿದ್ದರೆ ಇವತ್ತು ಸೌಟು ಮುಟ್ಟಬೇಡಿ. ನಾನೇ ಬಡಿಸುತ್ತೇನೆ.