ಹಸಿರು ಕೇಕ್

ಗೋಥೆನ್‌ಬರ್ಗ್‌ನ ಬೇಕರಿ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು. ಇಬ್ಬರ ಕೊರಳಲ್ಲೂ ಒಂದೇ ಲ್ಯಾಬಿನ, ಹೆಸರು ಬರೆದ ಕಾರ್ಡು. ದೊಡ್ಡ ಹಸಿರು ಕೇಕಿಗೆ ಕೈ ತೋರಿಸಿದವಳು ಸಿಗ್ನೆ. ಜೊತೆಯಲ್ಲಿದ್ದ ಮೈಕೆನ್ ನಕ್ಕಳು.

"ನಮ್ಮ ಲ್ಯಾಬಲ್ಲಿ ಸುಮ್‌ಸುಮ್ನೆ ಕೇಕ್ ಬರಲ್ಲ. ಯಾವ ಸಂಶೋಧನಾ ಪೇಪರನ್ನ ಜರ್ನಲ್‌ನವರು ಒಪ್ಕೊಂಡ್ರೇ?"

"ಮಹಾಧಮನಿದು."

"ನಮ್ದಾ! ನಂಗೆ ಹೇಳ್ಲೇ ಇಲ್ವಲ್ಲೇ!"

ಸಿಗ್ನೆ ಕೇಕನ್ನೇ ನೋಡುತ್ತಿದ್ದಳು.

"ನಿನ್ನ ಭಾಗ ಸೇರಿಸಿಲ್ಲ, ಮೈಕೆನ್."

"ಏನಂದೆ?"

"ನಮ್ಮ ಮಾತ್ರೆ ಕೊಟ್ಟು ಜೀವಕೋಶಗಳ ನಡುವಿನ ಆ ಸಂಕೇತ ತಡೆದ್ರೆ ಮಹಾಧಮನಿ ಒಡೆಯಲ್ಲ. ಅಷ್ಟೇ ಬರೆದಿದ್ದೀವಿ."

"ಅದನ್ನೇ ತಡೆದ್ರೆ ಹೃದಯದ ರಕ್ತನಾಳದಲ್ಲಿ ಕೊಬ್ಬಿನ ಗಂಟು ಒಡೆಯುತ್ತೆ. ನನ್ನ ಇಲಿಗಳು ಸತ್ತಿದ್ದು ಹಾಗೇ ಅಲ್ವೇನೇ?"

"ಅದು ಬೇರೆ ಪೇಪರ್ ಆಗುತ್ತೆ."

"ಮಾತ್ರೆ ನುಂಗೋನಿಗೆ ಎರಡು ಮೈ ಇರುತ್ತಾ?"

"ಮಾತ್ರೆ ಕಂಪನಿಯವರು ಅವಸರ ಮಾಡಿದ್ರು ಕಣೇ. ನಾನೇನ್ ಮಾಡ್ಲಿ?"

"ಸತ್ತ ಇಲಿಗಳ ರಕ್ತನಾಳದ ಚಿತ್ರಗಳನ್ನ ಮೊದಲು ನೋಡಿದ್ದು ನೀನು. ನಮ್ಮನೆ ಅಡುಗೆಮನೇಲಿ ನನ್ನ ತಬ್ಕೊಂಡು ಅತ್ತಿದ್ದೆ. ಆಗ್ಲೇ ನನ್ನ ಭಾಗ ಬಿಡೋಣ ಅಂದ್ಕೊಂಡಿದ್ಯಾ?"

ಸಿಗ್ನೆ ಮತ್ತೆ ಹಸಿರು ಕೇಕಿಗೇ ಕೈ ತೋರಿಸಿದಳು. ಅಂಗಡಿಯ ಹುಡುಗಿ ಚಾಕು ಒರೆಸುತ್ತಾ ಕೇಳಿದಳು.

"ಎಷ್ಟು ಜನಕ್ಕೆ ಬೇಕು?"

"ಅರ್ಧ ಕೊಡಿ, ಸಾಕು," ಅಂದಳು ಮೈಕೆನ್.

"ಅರ್ಧ ನಾವು ಮಾರಲ್ಲ."

"ಇವಳು ಮಾರ್ತಾಳೆ."

ಮೈಕೆನ್ ಬಾಗಿಲು ತಳ್ಳಿಕೊಂಡು ಹೊರಟೇಹೋದಳು. ಹುಡುಗಿ ಚಾಕು ಹಿಡಿದುಕೊಂಡು ಸಿಗ್ನೆಯ ಮುಖವನ್ನೇ ನೋಡುತ್ತಾ ನಿಂತಳು.