ನೋಡುವಾಗ ಖಾಲಿಯಿದ್ದ ಪೋರ್ಟ್

ಇದು ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಅವಳೂ ಗಂಡನೂ ಒಂದೇ ಆಸ್ಪತ್ರೆಯ ಕಂಪ್ಯೂಟರ್ ರೂಮಿನಲ್ಲಿ ಕೆಲಸಕ್ಕಿದ್ದವರು. ಅವನು ತೀರಿಕೊಂಡ ಮೇಲೆ ಎಲ್ಲವೂ ಅವಳ ತಲೆಗೇ ಬಂತು. ಒಂದು ರಾತ್ರಿ ತಡವಾಗಿ ಮನೆಗೆ ಹೊರಟವಳು ಆಸ್ಪತ್ರೆ ಹಿತ್ತಲಿನ ಹಳೇ ಬಾವಿ ದಾಟುತ್ತಿದ್ದಳು... ಬೆನ್ನ ಹಿಂದೆ ಚಪ್ಪಲಿ ಸದ್ದು. ಸರಕ್... ಸರಕ್... ಅವನು ಹಾಗೇ ಕಾಲೆಳೆದು ನಡೆಯುತ್ತಿದ್ದ. ತಿರುಗಿದರೆ ಯಾರೂ ಇಲ್ಲ. ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ವಾರ್ಡಿನ ನರ್ಸು.

"ಅಕ್ಕಾ, ಪೇಷೆಂಟ್ ಬೆಲ್ ಒತ್ತಿದ್ರೆ ನಮಗೆ ಕೇಳಿಸ್ತಾ ಇಲ್ಲ. ಬೇಗ ಬನ್ನಿ."

ವಾಪಸ್ ಕಂಪ್ಯೂಟರ್ ರೂಮಿಗೆ ಓಡಿದಳು. ಬೆಲ್ಲಿನ ಕರೆ ಹಿಡಿಯಲು ತೆರೆಮರೆಯಲ್ಲಿ ಸದಾ ಓಡುವ ಪ್ರೋಗ್ರಾಂ ನಿಂತುಹೋಗಿತ್ತು. ಅದಕ್ಕೊಂದು ಪೋರ್ಟ್ ಬೇಕು. ಕಂಪ್ಯೂಟರಿನೊಳಗಿನ ನಂಬರು ಹಾಕಿದ ಬಾಗಿಲು ಅನ್ನಿ, ಒಂದರಲ್ಲಿ ಒಂದೇ ಪ್ರೋಗ್ರಾಂ ಕೂರಬೇಕು. ಅವಳ ಕೋಡು ಮೊದಲು ಅದು ಖಾಲಿಯೇ ಎಂದು ನೋಡಿ, ಆಮೇಲೆ ಪ್ರೋಗ್ರಾಂ ಶುರು ಮಾಡುತ್ತಿತ್ತು. ಗಂಡ ಇದಕ್ಕೇ ರೇಗಿಸುತ್ತಿದ್ದ. "ಬಸ್ಸಲ್ಲಿ ಸೀಟು ಖಾಲಿ ಇದೆಯಾ ಅಂತ ನೋಡ್ತಾ ನಿಂತ್ರೆ ಇನ್ನೊಬ್ರು ಕೂತಿರ್ತಾರೆ ಕಣೇ. ಹೋಗಿ ಕೂತ್ಬಿಡು."

ನೋಡಿದಳು... ಖಾಲಿ. ಶುರು ಮಾಡಿದಳು... ಯಾರೋ ಹಿಡಿದಿದ್ದಾರೆ. ಮತ್ತೆ ನೋಡಿದರೆ ಖಾಲಿ, ಶುರು ಮಾಡಿದರೆ ಹಿಡಿದಿದ್ದಾರೆ. ಹಿಡಿದವರು ಯಾರು ಅಂತ ಹುಡುಕಿದರೆ ಒಂದು ಪ್ರೋಗ್ರಾಮೂ ಇಲ್ಲ. ಮಷೀನನ್ನೇ ಆರಿಸಿ ಮತ್ತೆ ಹಾಕಿದಳು. ಫ್ಯಾನು ಗೊರ್ರ್... ಎಂದು ತಿರುಗಿತು. ಮತ್ತೂ ಅದೇ. ಪಕ್ಕದ ಖಾಲಿ ಕುರ್ಚಿ ಕಿರ್ ಎಂದಿತು.

"ನೀವಾ?" ಪಿಸುಗುಟ್ಟಿದಳು.

ಎದೆ ಹೊಡೆದುಕೊಂಡದ್ದು ಭಯಕ್ಕಲ್ಲ, ಆಸೆಗೆ. ನೋಡುವುದಕ್ಕೂ ಶುರು ಮಾಡುವುದಕ್ಕೂ ನಡುವಿನ ಆ ಚೂರು ಸಂದಿಯಲ್ಲಿ ಅವನು ಬಂದು ಕೂರುತ್ತಿದ್ದ. ಸಂದಿ ಹಾಗೇ ಬಿಟ್ಟರೆ ಅವನೂ ಇರುತ್ತಾನೆ. ಆದರೆ ಮೇಲಿನ ವಾರ್ಡಿನಲ್ಲಿ ಯಾರೋ ಬೆಲ್ ಒತ್ತಿ ಒತ್ತಿ ಸೋಲುತ್ತಿರಬಹುದು.

"ರೀ... ನಾನೇ ಕೂತ್ಕೋತೀನಿ. ಬೇಜಾರ್ ಮಾಡ್ಕೋಬೇಡಿ."

ಖಾಲಿಯೇ ಎಂದು ನೋಡುವ ಸಾಲನ್ನು ತನ್ನ ಕೈಯಾರೆ ಅಳಿಸಿ, ನೇರವಾಗಿ ಶುರು ಮಾಡಿದಳು. ಸಂದಿ ಮುಚ್ಚಿತು. ಪ್ರೋಗ್ರಾಂ ಕೂತಿತು. ಮಹಡಿಯ ಮೇಲೆ ಟಿಣ್... ಟಿಣ್... "ಬಂತು ಅಕ್ಕಾ," ಅಂದಳು ನರ್ಸು. ಇವಳು ಮೇಜಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಅವನನ್ನು ಎರಡನೇ ಸಲ ಕಳಕೊಂಡಂತಾಗಿತ್ತು.

ತಲೆ ಎತ್ತಿದಾಗ ಆ ಪೋರ್ಟಿಗೆ ಹೊಸದೊಂದು ಸಂಪರ್ಕ ಬಂದಿತ್ತು. ಯಾವ ಹಾಸಿಗೆಯ ಬೆಲ್ಲಿನಿಂದಲೂ ಅಲ್ಲ, ಅದೇ ಮಷೀನಿನ ಒಳಗಿನಿಂದ. ಏನೂ ಹೇಳಲಿಲ್ಲ, ಏನೂ ಕೇಳಲಿಲ್ಲ... ನಾನು ಕಣ್ಣಾರೆ ಕಂಡವನಲ್ಲ, ಆದರೆ ಅವಳು ಸುಳ್ಳು ಹೇಳುವವಳೂ ಅಲ್ಲ. ಬೆಳಕು ಹರಿಯುವ ತನಕ ಆ ಸಂಪರ್ಕ ಸುಮ್ಮನೆ ಅಲ್ಲೇ ಇತ್ತು.