ಮರಳ ಮೇಲಿನ ಬಿಳಿ ಮರಿ

ನಗ್ತಿದೀಯಾ? ನಗು, ನಗು... ಮುಸುಕಿನ ಅಂಚು ಬಾಯಲ್ಲಿ ಕಚ್ಚಿಕೊಂಡ್ರೇನು, ಕಣ್ಣು ಕಾಣಲ್ವಾ ನಂಗೆ! ನಮ್ಮ ತುರ್ಕಮೆನ್ ಪದ್ಧತಿ ಬಲು ಚೆಂದ ಕಣಮ್ಮ ಓಗುಲ್‌ಬಿಕೆ. ಮಾವನ ಮುಂದೆ ಸೊಸೆ ತುಟಿ ಬಿಚ್ಚೋ ಹಾಗಿಲ್ಲ. ನೀನು ಈ ಮನೆಗೆ ಬಂದಾಗಿನಿಂದ ನಾನೊಬ್ನೇ ಮಾತಾಡ್ತೀನಿ, ನಾನೇ ಗೆಲ್ತೀನಿ! ಹೂಂ, ಆ ಹರಿದ ಬಲೆ ಹೆಣೀತಾ ಇರು.

ಮತ್ತೆ ದಂಡೆ ಕಡೆ ನೋಡ್ತೀಯಲ್ಲ! ಆ ಮರಿಯ ತಾಯಿ ಬರ್ತಾಳೆ ಅಂದ್ನಲ್ಲ, ಬಂದೇ ಬರ್ತಾಳೆ. ಈ ಕಡಲ ಪ್ರಾಣಿ ಸೀಲ್‌ಗಳು ಹಾಗೇನೇ, ಮರೀನ ಬಿಟ್ಟು ಮೀನಿಗೆ ಹೋಗ್ತವೆ... ಹೌದಪ್ಪ, ತುಂಬಾ ದಿನ ಆಯ್ತು. ಆಗ್ಲಿ ಬಿಡು.

ತಪ್ಪು ಆ ತಾಯೀದೇ. ಇವೆಲ್ಲ ಹೆರೋದು ಉತ್ತರದ ಮಂಜುಗಡ್ಡೆ ಮೇಲೆ. ನಮ್ಮ ಮರಳಲ್ಲಿ ಸೀಲ್ ಹೆತ್ತಿದ್ದನ್ನ ನನ್ನಪ್ಪನೂ ನೋಡಿಲ್ಲ, ಅಜ್ಜನೂ ನೋಡಿಲ್ಲ. ಈ ಚಳಿಗಾಲ ಕ್ಯಾಸ್ಪಿಯನ್ ಹೆಪ್ಪುಗಟ್ಟಲೇ ಇಲ್ಲ, ಪಾಪ, ಎಲ್ಲಿಗೆ ಹೋದಾಳು? ಮರಿ ನೋಡು, ಹಿಮದಲ್ಲಿ ಅಡಗೋಕಂತ ಬಂದ ಬಿಳೀ ತುಪ್ಪಳ. ಮರಳ ಮೇಲೆ ಹರದಾರಿ ದೂರಕ್ಕೆ ಕಾಣುತ್ತೆ. ನರಿಗೂ ಕಾಣುತ್ತೆ, ಹದ್ದಿಗೂ ಕಾಣುತ್ತೆ.

ಏನು ಹಾಗೆ ನೋಡ್ತೀಯ? ಹೌದು, ನಾನೇ ಹೇಳಿದ್ದೆ! ಹೆರಿಗೆಗೆ ಬಂದವಳು ಅತಿಥಿ, ರೊಟ್ಟಿ-ಉಪ್ಪಿನ ಆಣೆ, ಈ ಕೊಲ್ಲೀಲಿ ಯಾರೂ ಬಲೆ ಹಾಕ್ಬಾರದು ಅಂತ ಊರಿಗೆಲ್ಲ ಸಾರಿದವನು ನಾನೇ. ನೀನು ಒಂಟೆ ಹಾಲಲ್ಲಿ ಬಟ್ಟೆ ಅದ್ದಿ ಬಾಯಿಗಿಟ್ಟೆ, ಕುಡೀಲಿಲ್ಲ. ನಾನೇನು ಮಾಡ್ಲಿ ಅದಕ್ಕೆ?

ಬಲೆ ಯಾಕೆ ಎತ್ತಿ ಹಿಡಿದೆ? ಓ, ಆ ತೂತಾ... ದೊಡ್ಡ ಸ್ಟರ್ಜನ್ ಮೀನು, ಹರ್ಕೊಂಡು ಹೋಯ್ತು. ಕೊಲ್ಲಿಯ ಬಾಯಲ್ಲಿ... ಅಲ್ಲ, ಅಲ್ಲಲ್ಲ, ಆಚೆ ಆಳದಲ್ಲಿ ಹಾಕಿದ್ದೆ. ಅಂಚು ಯಾಕೆ ಸವರ್ತಿದೀಯ? ಚಾಕೂನಲ್ಲಿ ಕೊಯ್ದಿದ್ದಲ್ಲ ಅದು! ಗಂಟಿನಿಂದ ಏನು ಕೀಳ್ತಿದೀಯ? ...ಕೂದಲಾ? ಕುರೀದಿರ್ಬೇಕು.

ಕುರಿ ಕಡಲಿಗೆ ಹೋಗಲ್ಲ, ಗೊತ್ತು ನಂಗೆ! ಹಿಟ್ಟಿನ ಮಡಕೆ ಬರಿದಾಗಿದ್ದನ್ನ ನೀನೂ ನೋಡಿದ್ದೆಯಲ್ಲ... ಒಂದೇ ಒಂದು ಮೀನು ಸಿಕ್ರೆ ಸಾಕು ಅಂತ ಹಾಕ್ದೆ, ಸಿಕ್ಕಿದ್ದು ಅವಳು...

ಯಾಕೆ, ಮುಸುಕು ಯಾಕೆ ಬಿಟ್ಟೆ? ಕಚ್ಚಿಕೋ... ಮಾವನ ಮುಂದೆ... ಆಯ್ತು, ಬಿಟ್ಟಾಯ್ತಲ್ಲ, ಬೈದ್ಬಿಡು. ಇನ್ನು ಯಾವ ಪದ್ಧತಿ ತಡೀತಿದೆ ನಿನ್ನ? ಶಾಪ ಹಾಕು!

...ಅಯ್ಯೋ, ಮರಿ ಮತ್ತೆ ಕೂಗ್ತಿದೆ. ಏನಾದ್ರೂ ಮಾತಾಡೇ ತಾಯಿ, ಅದರ ಕೂಗು ನನ್ನ ಕಿವಿಗೆ ಬೀಳದ ಹಾಗೆ.